ತೂಬು ಮುರಿದಿದೆಯೆಂದು ಪರದೇಶದವರು ಹೇಳಿದ್ದು

ಸಾವಿರದ ಒಂಬೈನೂರ ಐವತ್ತಾರನೆಯ ಇಸವಿಯಲ್ಲಿ ಅಂಕನಕೊಪ್ಪಲಿನ ತೂಬು ಮುರಿದಿರಲಿಲ್ಲ.

ಮುರಿದಿದೆಯೆಂದು ಊರಿಗೆಲ್ಲ ಗೊತ್ತಿತ್ತು, ನಿಜ. ಆದರೆ ಊರಿಗೆ ಗೊತ್ತಿರುವುದನ್ನು ಸಂಗತಿಯೆಂದು ಒಪ್ಪಲು ಜಲಪ್ರಗತಿ ಕಚೇರಿಯ ನಿಯಮಗಳಲ್ಲಿ ಅವಕಾಶವಿರಲಿಲ್ಲ. ತೂಬಿನ ಪಕ್ಕದಲ್ಲೇ ಗದ್ದೆ ಇರುವವನು ತೂಬಿನ ವಿಷಯದಲ್ಲಿ ಸ್ವಾರ್ಥವುಳ್ಳವನು. ಅವನ ಮಾತು ಪಕ್ಷಪಾತದ್ದು. ತೂಬಿನಿಂದ ದೂರ ಇರುವವನಿಗೆ ತೂಬು ಕಾಣಿಸದು. ಹೀಗಾಗಿ ಆ ತೂಬನ್ನು ಕುರಿತು ನಿಷ್ಪಕ್ಷಪಾತವಾಗಿ ಮಾತನಾಡಬಲ್ಲವರು ಇಡೀ ಮೈಸೂರು ರಾಜ್ಯದಲ್ಲಿ ಯಾರೂ ಇರಲಿಲ್ಲ.

ಚುಂಚನಕಟ್ಟೆಯಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ಹೊರಡುವ ಕಾಲುವೆ ಊರೂರು ದಾಟಿ ಕಟ್ಟಕಡೆಗೆ ಬಂದು ಮುಟ್ಟುವುದು ಅಂಕನಕೊಪ್ಪಲಿಗೆ. ಅಲ್ಲಿಯ ತೂಬಿನ ಹಲಗೆ ಕೊಳೆತು, ಕಲ್ಲು ಜರುಗಿ, ಬಂದಷ್ಟು ನೀರೂ ಗದ್ದೆಗೆ ತಿರುಗದೆ ಪಕ್ಕದ ಹಳ್ಳಕ್ಕೆ ಇಳಿದುಹೋಗುತ್ತಿತ್ತು. ಭತ್ತ ತೆನೆ ಕಟ್ಟುವ ಹೊತ್ತಿಗೆ ಗದ್ದೆ ಬಿರಿಯುತ್ತಿತ್ತು. ಹಳ್ಳದಲ್ಲಿ ಮಾತ್ರ ಆಪು ಹುಲ್ಲು ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಇದನ್ನು ರಸ್ತೆಯ ಮೇಲಿಂದ ನೋಡಿದ ಕಚೇರಿಯವರು ಆ ಭಾಗದಲ್ಲಿ ಹಸಿರು ಹೆಚ್ಚಿದೆಯೆಂದು ವರದಿ ಕಳಿಸಿದ್ದರು.

ಅಂಕನಕೊಪ್ಪಲಿನ ಗುರುಮಲ್ಲಪ್ಪನವರು ಅಷ್ಟಿಷ್ಟು ಅನುಕೂಲವಾಗಿದ್ದ ರೈತರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಹೆಗಲ ಮೇಲೊಂದು ವಲ್ಲಿ. ಕಚೇರಿ ಕರೆದ ಯಾವ ಸಭೆಗೂ ಅವರು ತಪ್ಪಿಸಿಕೊಂಡವರಲ್ಲ. ಸಭೆ ಕೋಳಿ ಸಾಕಣೆಯದಿರಲಿ, ಅಕ್ಷರ ಪ್ರಚಾರದ್ದಿರಲಿ, ವಂದನಾರ್ಪಣೆಗೆ ಮುಂಚೆ ಅವರು ಎದ್ದು ನಿಲ್ಲುವರು.

"ಸ್ವಾಮಿ, ನಮ್ಮೂರ ತೂಬು ಮುರಿದೋಗದೆ."

ವಿಶೇಷಾಧಿಕಾರಿ ಬೆಟ್ಟಸ್ವಾಮಿಯವರು ಸೌಮ್ಯ ಸ್ವಭಾವದವರು. ಅವರು ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ಕೇಳುತ್ತಿದ್ದರು.

"ಯಾರು ಹೇಳಿದರು?"

"ನಾನೇ ಏಳ್ತಾ ಇವ್ನಲ್ಲ."

"ನೀವಲ್ಲದೆ?"

"ಅಂಕಯ್ಯ ಏಳ್ತಾನೆ. ಊರೋರೆಲ್ಲ ಏಳ್ತಾರೆ."

"ಊರಿನವರನ್ನು ಬಿಟ್ಟು ಬೇರೆ ಯಾರಾದರೂ?"

"ಊರೋರ್ನ ಬುಟ್ಟು ನಮ್ಮೂರ ತೂಬ ಇನ್ಯಾರು ನೋಡ್ತಾರೆ ಸ್ವಾಮಿ?"

"ನೋಡಿ, ಅದೇ ತೊಂದರೆ," ಎಂದು ಬೆಟ್ಟಸ್ವಾಮಿಯವರು ಮನಸಾರೆ ಮರುಗುತ್ತಿದ್ದರು. ಅಲ್ಲಿಗೆ ಸಭೆ ಮುಗಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಹೊಸದಾಗಿ ಸ್ವಾತಂತ್ರ್ಯ ಪಡೆದ ಪೆರಿಯಾನ ಎಂಬ ದ್ವೀಪದೊಡನೆ ರೈತ ಮೈತ್ರಿ ಪ್ರವಾಸ ಏರ್ಪಾಡಾಗಿದೆ. ನಮ್ಮಿಂದೊಬ್ಬ ರೈತ ಅಲ್ಲಿಗೆ, ಅಲ್ಲಿಂದೊಬ್ಬ ರೈತ ಇಲ್ಲಿಗೆ. ತಕ್ಕ ಪ್ರಗತಿಪರ ರೈತನನ್ನು ಆರಿಸತಕ್ಕದ್ದು. ಬೆಟ್ಟಸ್ವಾಮಿಯವರು ಹಗಲಿಡೀ ಯೋಚಿಸಿ ತಮ್ಮ ಭಾಮೈದನನ್ನು ಆರಿಸಿದರು. ಭಾಮೈದ ರೈತನಲ್ಲದಿದ್ದರೂ ಪ್ರಗತಿಪರನಾಗಿದ್ದ. ಅವನು ವಿದೇಶವೆಂದರೆ ಮಂಜು ಬೀಳುವ ಜಾಗವೆಂದು ತಿಳಿದು ಮೈಸೂರಿನಲ್ಲಿ ದಪ್ಪ ಉಣ್ಣೆಯ ಕೋಟು ಹೊಲಿಸಿದ. ಆಮೇಲೆ ಆ ದ್ವೀಪದಲ್ಲಿ ವರ್ಷವೆಲ್ಲ ಸೆಕೆಯೆಂದೂ, ಹಡಗಿನಲ್ಲಿ ಹೋಗುವವರು ದಾರಿಯುದ್ದಕ್ಕೂ ವಾಂತಿ ಮಾಡುತ್ತಾರೆಂದೂ ಯಾರೋ ಹೇಳಿದರು. ಅವನಿಗೆ ತಕ್ಷಣ ದೇಶಾಭಿಮಾನ ಉಕ್ಕಿಬಂತು. ತಾಯ್ನಾಡನ್ನು ಬಿಟ್ಟು ಕದಲುವುದಿಲ್ಲವೆಂದ.

ಬೆಟ್ಟಸ್ವಾಮಿಯವರಿಗೆ ಆಗ ಗುರುಮಲ್ಲಪ್ಪನವರ ನೆನಪಾಯಿತು. ಹಡಗು ಹೋಗಿ ಬರುವಷ್ಟು ಕಾಲವಾದರೂ ಸಭೆಗಳು ಹೊತ್ತಿಗೆ ಸರಿಯಾಗಿ ಮುಗಿದಾವೆಂಬ ಆಸೆಯೂ ಇತ್ತು. ಗುರುಮಲ್ಲಪ್ಪನವರನ್ನು ಪ್ರಗತಿಪರರೆಂದು ಘೋಷಿಸಿ, ಕೋಟನ್ನು ಅವರಿಗೇ ಕೊಟ್ಟರು. ಭಾಮೈದ ಅವರಿಗಿಂತ ಬಹಳ ದಪ್ಪ. ಕೋಟಿನ ಒಳಗೆ ಗುರುಮಲ್ಲಪ್ಪನವರು ಸುಮ್ಮನೆ ತಿರುಗಾಡಬಹುದಾಗಿತ್ತು.

ಊರಿನಲ್ಲಿ ಸುದ್ದಿ ಹಬ್ಬಿದಾಗ ಸ್ವಲ್ಪ ಗೊಂದಲವಾಯಿತು.

"ಯಜಮಾನ್ರು ಪಿರಿಯಾಪಟ್ಣಕ್ಕೆ ಒಯ್ತಾವ್ರಂತೆ," ಎಂದ ಪಕ್ಕದ ಗದ್ದೆಯ ಅಂಕಯ್ಯ. "ಅಲ್ಲಿಗೋಗಕ್ಕೆ ಅಡಗು ಯಾಕೆ ಅಂತೀನಿ? ಬಸ್ಸದೆಯಲ್ಲ."

"ಪಿರಿಯಾಪಟ್ಣ ಅಲ್ಲ ಕಣ್ಲಾ, ಪೆರಿಯಾನ. ಸಮುದ್ರದ ಮಧ್ಯೆ ಅದೆ," ಎಂದರು ಗುರುಮಲ್ಲಪ್ಪನವರು.

"ಸಮುದ್ರದ ಮಧ್ಯೆ? ಅಂಗಾರೆ ನೀರಿಗೇನೂ ತೊಂದ್ರೆ ಇರಾಕಿಲ್ಲ ಬುಡಿ."

ಹೆಂಡತಿ ನೀಲಾಂಬಿಕೆ ಅತ್ತು, ಸುಮ್ಮನಾಗಿ, ರಾಗಿ ಹಿಟ್ಟು, ಚಟ್ನಿ ಪುಡಿ, ವಿಭೂತಿ ಗಟ್ಟಿ ಎಲ್ಲವನ್ನೂ ತಗಡಿನ ಪೆಟ್ಟಿಗೆಗೆ ತುಂಬಿದರು. "ಅಲ್ಲಿಯೋರ ಮುಂದೆ ತೂಬು ಗೀಬು ಅನ್ಬೇಡಿ. ನಗ್ತಾರೆ," ಎಂದು ಎಚ್ಚರಿಸಿದರು.

ಹಡಗಿನ ಪ್ರಯಾಣದ ಬಗ್ಗೆ ಭಾಮೈದನಿಗೆ ಸಿಕ್ಕ ಮಾಹಿತಿ ಸರಿಯಾಗಿತ್ತೆಂದಷ್ಟೆ ಹೇಳಿದರೆ ಸಾಕು.

ಪೆರಿಯಾನದ ಬಂದರಿನಲ್ಲಿ ಸುಂಕದ ಅಧಿಕಾರಿ ಗುರುಮಲ್ಲಪ್ಪನವರ ಕೊರಳ ಕರಡಿಗೆ ನೋಡಿ ಒಳಗೇನಿದೆಯೆಂದು ಕೇಳಿದ. ಸರ್ಕಾರ ಗೊತ್ತುಮಾಡಿದ್ದ ದುಭಾಷಿ ಪಕ್ಕದಲ್ಲಿ ನಿಂತಿದ್ದ. ಅವನ ಹೆಸರು ಚಾತುಕುಟ್ಟಿ, ವಯನಾಡಿನವನು. ಹಿಂದೆ ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನ ಕಾಡಿನಲ್ಲಿ ಮರ ಕಡಿಸುವ ಮೇಸ್ತ್ರಿಯಾಗಿದ್ದು, ಅಲ್ಲಿಂದ ಹೇಗೋ ಕಡಲು ದಾಟಿ ಈ ದ್ವೀಪದಲ್ಲಿ ಚಹಾ ಅಂಗಡಿ ಇಟ್ಟಿದ್ದ. ಕನ್ನಡ ಬಲ್ಲವನು ದ್ವೀಪದಲ್ಲಿ ಅವನೊಬ್ಬನೇ ಆದ್ದರಿಂದ ಅವನ ಕನ್ನಡ ಅಲ್ಲಿಯ ಅತ್ಯುತ್ತಮ ಕನ್ನಡವಾಗಿತ್ತು.

"ಒಳಗೆ ಎಂದಾ, ಏನು ಅಂತ ಕೇಳ್ತಾರೆ ಮುದಲಾಳಿ, ಧಣೀ."

"ದೇವರು ಅಂತ ಹೇಳಪ್ಪ."

ಅಧಿಕಾರಿ ಗಂಭೀರನಾದ. ಮಾರಾಟಕ್ಕೋ ಸ್ವಂತ ಉಪಯೋಗಕ್ಕೋ ಎಂದ. ಸ್ವಂತಕ್ಕೆ ಎಂದರು ಗುರುಮಲ್ಲಪ್ಪನವರು. ಎಷ್ಟು ಕಾಲದಿಂದ ಉಪಯೋಗದಲ್ಲಿದೆ? ಹುಟ್ಟಿದಾಗಿನಿಂದ. ಅಧಿಕಾರಿ ಪುಸ್ತಕ ತಿರುವಿ ನೋಡಿ, ಬಹಳ ದಿನ ಬಳಸಿದ ವಸ್ತುವಿಗೆ ಸುಂಕವಿಲ್ಲವೆಂದು ಕೈಮುಗಿದು ಕಳಿಸಿದ. ಸರ್ಕಾರಿ ನೌಕರನೊಬ್ಬ ತಮ್ಮ ದೇವರಿಗೆ ಇಷ್ಟು ನ್ಯಾಯವಾಗಿ ನಡೆದುಕೊಂಡದ್ದನ್ನು ಗುರುಮಲ್ಲಪ್ಪನವರು ಕೊನೆಯವರೆಗೂ ಮೆಚ್ಚಿ ಹೇಳುತ್ತಿದ್ದರು.

ದ್ವೀಪದ ಅತಿಥಿ ಇಲಾಖೆ ಅವರನ್ನು ಬಂಗಲೆಯೊಂದರಲ್ಲಿ ಇಳಿಸಿತು. ಮರುದಿನದಿಂದ ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಿದರು. ಕಾರು ಒಂದು ಮರದ ಮುಂದೆ ನಿಂತಿತು. ಜೊತೆಗಿದ್ದ ಅಧಿಕಾರಿ ಇಳಿದು, ಟೋಪಿ ತೆಗೆದು, "ಇದು ತೆಂಗು," ಎಂದ. ಗುರುಮಲ್ಲಪ್ಪನವರು "ಹೌದು," ಎಂದರು. ಅಧಿಕಾರಿಯ ಮುಖ ಸಣ್ಣದಾಯಿತು. ಇನ್ನೊಂದು ಕಡೆ ನಿಲ್ಲಿಸಿ "ಇದು ಬಾಳೆ," ಎಂದ. ಆಗಲೂ ಹೌದೆಂದರು.

ಚಾತುಕುಟ್ಟಿ ಕಿವಿಯಲ್ಲಿ ಉಸುರಿದ. "ಮುದಲಾಳಿ, ಪರದೇಶದೋರು ಇಲ್ಲಿ ಆಶ್ಚರ್ಯ ಪಡ್ಬೇಕು. ಹಿಂದೆ ಬಂದೋರೆಲ್ಲ ಬಾಳೆಮರ ಕಂಡು ಬಾಯಿ ಮೇಲೆ ಕೈ ಇಟ್ಟಿದ್ದಾರೆ. ನೀವು ಪಡದೆ ಇದ್ರೆ ಪಾವಂ, ಈ ಬಡಪಾಯಿ ಆಫೀಸರಿಗೆ ಕೆಟ್ಟ ಹೆಸರು."

ಗುರುಮಲ್ಲಪ್ಪನವರು ಕನಿಕರದ ಮನುಷ್ಯರು. ಮುಂದಿನ ಹಲಸಿನ ಮರದ ಮುಂದೆ "ಅಯ್ಯೋ ಶಿವನೇ!" ಎಂದು ಎದೆ ಹಿಡಿದುಕೊಂಡರು. ಅಧಿಕಾರಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಪ್ರವಾಸ ಸುಗಮವಾಗಿ ನಡೆಯಿತು. ಕೋಟಿನೊಳಗೆ ಬೆವರು ಕಾಲುವೆಯಾಗಿ ಇಳಿಯುತ್ತಿದ್ದರೂ ಕೋಟು ತೆಗೆಯುವಂತಿರಲಿಲ್ಲ. ಪರದೇಶದವರೆಂಬುದಕ್ಕೆ ಅದೊಂದೇ ಗುರುತು. ಮೈಬಣ್ಣದಲ್ಲಾಗಲಿ ಮೀಸೆಯಲ್ಲಾಗಲಿ ಅವರಿಗೂ ಅಲ್ಲಿಯವರಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಒಂದು ಬೆಳಗ್ಗೆ ಅವರು ಸ್ನಾನ, ಲಿಂಗಪೂಜೆ ಮುಗಿಸಿ, ಪಂಚೆಯುಟ್ಟು, ವಲ್ಲಿ ಹೊದ್ದು ಒಬ್ಬರೇ ಹೊರಟರು. ಬಂಗಲೆಯ ಹಿಂದೆ ದೂರದಲ್ಲಿ ಭತ್ತದ ವಾಸನೆ ಬಂದಿತ್ತು. ಬದುವಿನ ಮೇಲೆ ಕಾಲಿಡುತ್ತಲೇ ಊರು ಬಿಟ್ಟು ಬಂದ ದುಃಖ ಅರ್ಧ ಇಳಿಯಿತು. ಗದ್ದೆ ದಾಟುತ್ತ ದಾಟುತ್ತ ಹೋದಂತೆ ನೀರು ಕಡಿಮೆಯಾಗುತ್ತ ಬಂತು. ಕೊನೆಯ ಗದ್ದೆ ಬಿರಿದಿತ್ತು. ಅಲ್ಲೊಬ್ಬ ನಡುವಯಸ್ಸಿನ ಹೆಂಗಸು, ತಲೆಗೆ ಹುಲ್ಲಿನ ಟೋಪಿ, ಲಂಗವನ್ನು ಮಂಡಿಗೆ ಎತ್ತಿ ಕಟ್ಟಿ, ಕಾಲುವೆಯೊಳಗೆ ನಿಂತು ಹರಕು ಗೋಣಿಯನ್ನೂ ಜೇಡಿಮಣ್ಣನ್ನೂ ಒಂದು ಕಂಡಿಗೆ ತುರುಕುತ್ತಿದ್ದಳು.

ತೂಬು ಮುರಿದಿತ್ತು. ಹಲಗೆ ಕೊಳೆತಿತ್ತು, ಕಲ್ಲು ಜರುಗಿತ್ತು, ನೀರು ಹಳ್ಳಕ್ಕೆ ಹೋಗುತ್ತಿತ್ತು.

ಅಂಕಯ್ಯ ಗೋಣಿ ತುರುಕುವುದೂ ಹೀಗೇ, ಎಡಗಾಲಿನಿಂದ ಒತ್ತಿ ಹಿಡಿದು. ಗುರುಮಲ್ಲಪ್ಪನವರು ವಲ್ಲಿ ಸೊಂಟಕ್ಕೆ ಬಿಗಿದು ಕಾಲುವೆಗಿಳಿದರು. ಹೆಂಗಸು ಯಾರೆಂದು ಕೇಳಲಿಲ್ಲ. "ಆ ಕಡೆ ಹಿಡಿ," ಎಂಬಂತೆ ಗದ್ದದಿಂದ ತೋರಿಸಿದಳು. ಇಬ್ಬರೂ ಸೇರಿ ಕಲ್ಲು ಹೊರಳಿಸಿ, ಮಣ್ಣು ಮೆತ್ತಿದರು. ನೀರು ಸ್ವಲ್ಪ ಹಿಂಜರಿದು, ಗದ್ದೆಯ ಕಡೆ ಒಂದು ನಾಲಿಗೆ ಚಾಚಿತು. ಇಬ್ಬರೂ ಒಂದೇ ಸಲ "ಹಾ!" ಎಂದರು. ಆ ಮಾತಿಗೆ ಎರಡು ಭಾಷೆಯಲ್ಲೂ ಒಂದೇ ಅರ್ಥ.

ಅಷ್ಟರಲ್ಲಿ ಚಾತುಕುಟ್ಟಿ ಏದುಸಿರು ಬಿಡುತ್ತ ಓಡಿಬಂದ. "ಎಂದಾ ಮುದಲಾಳಿ ಇದು! ಪರದೇಶದೋರು ಕೆಸರಲ್ಲಿ ಇಳಿಯೋಕೆ ಇಲ್ಲ!"

"ಇವಮ್ಮ ಯಾರು ಕೇಳಪ್ಪ ಮೊದ್ಲು."

ಹೆಂಗಸಿನ ಹೆಸರು ಓದೆತ್. ಗಂಡ ತೀರಿಕೊಂಡ ಮೇಲೆ ಗದ್ದೆ ಅವಳೇ ಮಾಡಿಸುತ್ತಿದ್ದಳು. ಅವಳು ಕೈ ಬೀಸಿ ಬೀಸಿ ಬಹಳ ಹೊತ್ತು ಮಾತನಾಡಿದಳು. ಚಾತುಕುಟ್ಟಿ ತಲೆಯಾಡಿಸುತ್ತ ಕೇಳಿ ಕನ್ನಡಕ್ಕೆ ತಂದ.

"ತೂಬು ಮುರಿದಿದೆ ಅಂತಾಳೆ."

"ಅದು ಕಾಣ್ತದೆ. ಕಚೇರಿಗೆ ಹೇಳಿದ್ರಂತ?"

"ಎಲ್ಲಾ ಸಭೆಗೂ ಹೋಗಿ ಹೇಳಿದ್ದಾಳೆ. ತೂಬು ಮುರಿದಿಲ್ಲ ಅಂತ ಕಚೇರಿಯೋರು ಹೇಳ್ತಾರಂತೆ. ನೀನು ಹತ್ರದವಳು, ನಿನ್ನ ಮಾತು ತೆಗೆಯೋಕೆ ಆಗೋದಿಲ್ಲ ಅಂತ."

ಗುರುಮಲ್ಲಪ್ಪನವರು ಬದುವಿನ ಮೇಲೆ ಕುಸಿದು ಕುಳಿತು ನಕ್ಕರು. ನಕ್ಕು ನಕ್ಕು ಕೊನೆಗೆ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಓದೆತ್ ಮೊದಲು ಸಿಟ್ಟಾದಳು. ಅವರು ಯಾಕೆ ನಗುತ್ತಿದ್ದಾರೆಂದು ಚಾತುಕುಟ್ಟಿ ಹೇಳಿದ ಮೇಲೆ ಅವಳೂ ಪಕ್ಕದಲ್ಲಿ ಕುಳಿತು ನಗತೊಡಗಿದಳು. ಮನೆ ಬಿಟ್ಟು ಬಂದಾಗಿನಿಂದ ಗುರುಮಲ್ಲಪ್ಪನವರಿಗೆ ತಾವು ಪರದೇಶದಲ್ಲಿದ್ದೇವೆಂಬುದು ಮರೆತುಹೋದದ್ದು ಆಗ ಒಂದೇ ಸಲ.

ನಗು ನಿಂತ ಮೇಲೆ ಅವರು ಹಾಗೇ, ಮೊಣಕಾಲಿನ ಕೆಸರಿನ ಸಮೇತ, ಚಾತುಕುಟ್ಟಿಯನ್ನು ಕರೆದುಕೊಂಡು ದ್ವೀಪದ ನೀರಿನ ಕಚೇರಿಗೆ ನಡೆದರು. ಬಾಗಿಲಲ್ಲಿದ್ದ ಜವಾನ ಅವರನ್ನು ಮೇಲಿಂದ ಕೆಳಕ್ಕೆ ನೋಡಿ, ಊರಿನವರು ಹಬ್ಬ ಕಳೆದ ಮೇಲೆ ಬರತಕ್ಕದ್ದೆಂದು ಹೊರಕ್ಕೆ ಕೈ ತೋರಿಸಿದ. ಯಾವ ಹಬ್ಬವೆಂದು ಕೇಳಿದ್ದಕ್ಕೆ, ಅದಿನ್ನೂ ನಿಗದಿಯಾಗಿಲ್ಲವೆಂದ. ಗುರುಮಲ್ಲಪ್ಪನವರು ಬಂಗಲೆಗೆ ಹಿಂತಿರುಗಿ ಕಾಲು ತೊಳೆದು, ಅದೇ ಪಂಚೆಯ ಮೇಲೆ ಉಣ್ಣೆಯ ಕೋಟು ತೊಟ್ಟು ಬಂದರು. ಜವಾನ ಎದ್ದು ಸಲಾಂ ಹೊಡೆದ. ಒಳಗಿನಿಂದ ಮೂವರು ಬಂದು ಬಾಗಿಲು ತೆರೆದರು. ಬಾಗಿಲು ಮೊದಲೇ ತೆರೆದಿತ್ತಾದ್ದರಿಂದ ಒಮ್ಮೆ ಮುಚ್ಚಿ ತೆರೆದರು.

ದ್ವೀಪದ ನಿರ್ದೇಶಕರು ಕೈಕುಲುಕಿ, ಗುರುಮಲ್ಲಪ್ಪನವರ ಗೌರವಾರ್ಥ ಸಭೆ ಕರೆದರು. ಊರ ಪ್ರಮುಖರೆಲ್ಲ ಬಂದರು. ಓದೆತ್ ಹಿಂದಿನ ಸಾಲಿನಲ್ಲಿ ನಿಂತಿದ್ದಳು.

"ಪೂಜ್ಯ ವಿದೇಶಿ ತಜ್ಞರಿಗೆ ನಮ್ಮ ದ್ವೀಪ ಹೇಗೆ ಕಂಡಿತು?" ಎಂದರು ನಿರ್ದೇಶಕರು.

ಗುರುಮಲ್ಲಪ್ಪನವರು ಎದ್ದು ನಿಂತರು. ಹೆಂಡತಿಯ ಎಚ್ಚರಿಕೆ ನೆನಪಿಗೆ ಬಂತು. ಆದರೆ ಸಭೆಯಲ್ಲಿ ಎದ್ದು ನಿಂತರೆ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು. ಬೇರೆ ಮಾತಿನ ಅಭ್ಯಾಸವೇ ಇರಲಿಲ್ಲ.

"ಸ್ವಾಮಿ, ತೂಬು ಮುರಿದೋಗದೆ."

ಚಾತುಕುಟ್ಟಿ ಬೆವರುತ್ತ ಅದನ್ನು ಅನುವಾದಿಸಿದ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಂಥ ಸೂಕ್ಷ್ಮದೃಷ್ಟಿ!" ಎಂದರು. "ಇಷ್ಟು ವರ್ಷ ಈ ದ್ವೀಪದಲ್ಲಿ ಹುಟ್ಟಿ ಬೆಳೆದವರಲ್ಲಿ ಒಬ್ಬರ ಕಣ್ಣಿಗಾದರೂ ಬಿತ್ತೇ ಇದು? ಹೊರಗಿನವರು ಬಂದು ಹೇಳಬೇಕಾಯಿತು!"

ಓದೆತ್ ಹಿಂದಿನಿಂದ ಏನೋ ಕೂಗಿದಳು. ತಜ್ಞರು ಮಾತನಾಡುವಾಗ ಊರಿನವರು ಗದ್ದಲ ಮಾಡಬಾರದೆಂದು ಅವಳನ್ನು ಸುಮ್ಮನಾಗಿಸಿದರು.

ಮರುದಿನವೇ ಕಲ್ಲುಕೆಲಸದವರು ಬಂದರು. ಗುರುಮಲ್ಲಪ್ಪನವರು ದ್ವೀಪ ಬಿಡುವ ಮುಂಚೆ ಓದೆತಳ ಗದ್ದೆಯಲ್ಲಿ ನೀರು ನಿಂತು ಕೊಕ್ಕರೆ ಇಳಿದಿದ್ದವು. ತೂಬಿಗೆ ಅವರ ಹೆಸರನ್ನೇ ಇಟ್ಟರು. ಆದರೆ ಅಲ್ಲಿಯವರ ನಾಲಿಗೆಗೆ ಅದು ಹೊರಳದೆ, ಫಲಕದಲ್ಲಿ "ಗುಮಲಾಪ" ಎಂದು ಕೆತ್ತಿದ್ದರು. ಓದೆತ್ ಬಂದರಿಗೆ ಬಂದು ಒಂದು ಗೊನೆ ಎಳನೀರು ಕೊಟ್ಟಳು. ಗುರುಮಲ್ಲಪ್ಪನವರು ಚಾತುಕುಟ್ಟಿಯ ಮೂಲಕ ಅವಳಿಗೆ ಒಂದೇ ಮಾತು ಹೇಳಿದರು.

"ಇನ್ನು ನೀನು ಬಾರವ್ವ ನಮ್ಮೂರಿಗೆ."

ಊರಿಗೆ ಮರಳಿದ ಮೇಲೆ ಅವರು ಅವಳು ಬರುವವರೆಗೂ ಕಾಯುವ ತಾಳ್ಮೆಯಿಲ್ಲದೆ, ಕೋಟು ತೊಟ್ಟೇ ಜಲಪ್ರಗತಿ ಕಚೇರಿಗೆ ಹೋದರು. ಬೆಟ್ಟಸ್ವಾಮಿಯವರು ಹಾರ ಹಾಕಿ ಕೂರಿಸಿದರು.

"ನಾನೀಗ ವಿದೇಶಿ ತಜ್ಞ ಸ್ವಾಮಿ. ಅಲ್ಲಿ ಕಲ್ಲಲ್ಲಿ ಬರ್ದವ್ರೆ. ನಮ್ಮೂರ ತೂಬು ಮುರಿದದೆ."

ಬೆಟ್ಟಸ್ವಾಮಿಯವರು ನಿಜವಾಗಿಯೂ ಯೋಚನೆಗೆ ಬಿದ್ದರು. ನಿಯಮಗಳನ್ನು ತರಿಸಿ ನೋಡಿದರು. "ಗುರುಮಲ್ಲಪ್ಪನವರೇ, ನೀವು ಪೆರಿಯಾನದಲ್ಲಿ ವಿದೇಶಿಯರಾಗಿದ್ದಿರಿ, ಒಪ್ಪಿದೆ. ಹಡಗಿನಲ್ಲಿಯೂ ಆಗಿದ್ದಿರಿ. ಬೊಂಬಾಯಿಯಲ್ಲಿ ಇಳಿದಾಗಲೂ ಬೇಕಾದರೆ ಇಟ್ಟುಕೊಳ್ಳೋಣ. ಆದರೆ ಎಡತೊರೆ ಸ್ಟೇಷನ್ನಿನಲ್ಲಿ ರೈಲು ಇಳಿದ ಕ್ಷಣದಿಂದ ನೀವು ಊರಿನವರೇ. ರೈಲಿನ ಕಿಟಕಿಯಿಂದ ತಲೆ ಹಾಕಿ ಹೇಳಿದ್ದರೂ ಏನಾದರೂ ಮಾಡಬಹುದಿತ್ತು. ಇಳಿದುಬಿಟ್ಟಿರಲ್ಲ!"

"ಮತ್ತೆ ಹತ್ಲಾ ಸ್ವಾಮಿ?"

"ಹತ್ತಿದರೆ ಪ್ರಯಾಣಿಕರಾಗುತ್ತೀರಿ. ಅದು ರೈಲ್ವೆ ಇಲಾಖೆಗೆ ಸೇರಿದ್ದು."

ಅತ್ತ ಪೆರಿಯಾನದಿಂದ ಬರಬೇಕಾದ ರೈತ ಪ್ರತಿನಿಧಿ ಯಾರೆಂಬುದು ಬೇಗನೆ ಇತ್ಯರ್ಥವಾಯಿತು. ತೂಬು ಸರಿಯಾದ ಮೇಲೆ ಓದೆತ್ ಸಭೆಗಳಲ್ಲಿ ಎದ್ದು ಸೇತುವೆಯ ಬಗ್ಗೆ ಕೇಳತೊಡಗಿದ್ದಳು. ದ್ವೀಪದ ನಿರ್ದೇಶಕರು ಅವಳನ್ನು ಪ್ರಗತಿಪರಳೆಂದು ಘೋಷಿಸಿ, ಚಾತುಕುಟ್ಟಿಯ ಜೊತೆಗೆ ಹಡಗು ಹತ್ತಿಸಿದರು.

ಮುಂದಿನ ಬೆಳೆ ನಾಟಿಯಾಗುವ ಕಾಲಕ್ಕೆ ಅವಳು ಬಂದಿಳಿದಳು. ಸ್ಟೇಷನ್ನಿನಲ್ಲಿ ವಾಲಗ, ಆರತಿ, ಮಾವಿನ ತೋರಣ. ಬೆಟ್ಟಸ್ವಾಮಿಯವರು ಕಾರ್ಯಕ್ರಮವನ್ನು ಬಹಳ ಎಚ್ಚರಿಕೆಯಿಂದ ಹೊಂದಿಸಿದ್ದರು. ಹುಣಸೂರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯನ್ನು ತೋರಿಸಿದರು. ಎಲೆಯೊಂದನ್ನು ಮೂಸಿ ನೋಡಿ ಅವಳು ತಲೆದೂಗಿದಳು. ಕೋಟೆ ಸೀಮೆಯಲ್ಲಿ ಆನೆ ತೋರಿಸಿದರು. ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು, ಆನೆಗೂ ಆಯಿತು. ಪಿರಿಯಾಪಟ್ಟಣಕ್ಕೆ ಕರೆದೊಯ್ದು ಇದೇ ಪಿರಿಯಾಪಟ್ಟಣ, ಪೆರಿಯಾನ ಬೇರೆ ಎಂದು ವಿವರಿಸಿದರು. ಅಂಕನಕೊಪ್ಪಲು ಮಾತ್ರ ಕಾರ್ಯಕ್ರಮದಲ್ಲಿರಲಿಲ್ಲ.

ಆದರೆ ಅವಳ ಊಟ, ವಸತಿಗೆ ರೈತರ ಮನೆಯೇ ಆಗಬೇಕೆಂದು ಮೇಲಿನ ಆದೇಶವಿತ್ತು. ಬೇರೆ ಯಾರೂ ಒಪ್ಪದ್ದರಿಂದ ಗುರುಮಲ್ಲಪ್ಪನವರ ಮನೆಯೆಂದಾಯಿತು. ನೀಲಾಂಬಿಕೆ ಅವಳಿಗೆ ಒಂದು ಇಳಕಲ್ ಸೀರೆ ಉಡಿಸಿ, ಮುದ್ದೆ ನುಂಗುವುದನ್ನು ಕಲಿಸಿದರು. "ಅಗಿಬ್ಯಾಡ ಕಣವ್ವ, ನುಂಗು," ಎಂದು ತಾವೇ ನುಂಗಿ ತೋರಿಸಿದರು. ಹೆಸರು ತಿರುಗದೆ ಓದೆತ್ತಮ್ಮ ಎಂದು ಕರೆದರು. ಮಾರನೆಯ ಬೆಳಗ್ಗೆ ಓದೆತ್ತಮ್ಮ ಕೇಳದೆಯೇ ಗದ್ದೆಯ ಕಡೆ ನಡೆದಳು. ಅಂಕಯ್ಯ ಕಾಲುವೆಯಲ್ಲಿ ಗೋಣಿ ತುರುಕುತ್ತಿದ್ದ. ಅವಳು ಸೀರೆ ಎತ್ತಿ ಕಟ್ಟಿ ಇಳಿದು, ಇನ್ನೊಂದು ಕಡೆ ಹಿಡಿದಳು.

"ಯಾರವ್ವ ನೀನು? ಯಾವೂರು?" ಎಂದ ಅಂಕಯ್ಯ.

"ಪೆರಿಯಾನ," ಎಂದಳು ಅವಳು.

"ಓ, ಪಿರಿಯಾಪಟ್ಣ! ಅಂಗೇಳು ಮತ್ತೆ," ಎಂದು ಅಂಕಯ್ಯ ಸಮಾಧಾನದಿಂದ ಮಣ್ಣು ಮೆತ್ತಿದ.

ಬೀಳ್ಕೊಡುಗೆಯ ಸಭೆ ಕಚೇರಿಯ ಮುಂದಿನ ಚಪ್ಪರದಲ್ಲಿ ನಡೆಯಿತು. ಓದೆತ್ತಮ್ಮ ತನ್ನ ಹುಲ್ಲಿನ ಟೋಪಿ ಹಾಕಿಕೊಂಡಿದ್ದಳು. ಇಲ್ಲದಿದ್ದರೆ ಸೀರೆಯಲ್ಲಿ ಅವಳನ್ನು ಯಾರಾದರೂ ಮಿರ್ಲೆ ಕಡೆಯವಳೆಂದುಕೊಳ್ಳಬಹುದಿತ್ತು. ಅಂಕನಕೊಪ್ಪಲಿನವರೆಲ್ಲ ಬಂದು ಕುಳಿತಿದ್ದರು. ಈ ಸಲ ನಾಟಿ ಮಾಡಿದ ಪೈರು ಉಳಿಯುವುದೂ ಒಣಗುವುದೂ ಈ ಒಂದು ಗಳಿಗೆಯಲ್ಲಿತ್ತು.

"ಮಾನ್ಯ ವಿದೇಶಿ ತಜ್ಞರು ನಮ್ಮ ನಾಡಿನ ಬಗ್ಗೆ ಎರಡು ಮಾತು ಹೇಳಬೇಕು," ಎಂದರು ಬೆಟ್ಟಸ್ವಾಮಿಯವರು.

ಓದೆತ್ತಮ್ಮ ಎದ್ದು ಬಹಳ ಹೊತ್ತು ಮಾತನಾಡಿದಳು. ಆನೆ, ಮುದ್ದೆ, ಹೊಗೆಸೊಪ್ಪು, ನೀಲಾಂಬಿಕೆ, ಎಲ್ಲವೂ ಅದರಲ್ಲಿತ್ತೆಂದು ಅವಳ ಕೈಸನ್ನೆಗಳಿಂದ ತಿಳಿಯುತ್ತಿತ್ತು. ಅವಳು ಕುಳಿತ ಮೇಲೆ ಚಾತುಕುಟ್ಟಿ ಗಂಟಲು ಸರಿಮಾಡಿಕೊಂಡ.

"ತೂಬು ಮುರಿದಿದೆ ಅಂತ ಹೇಳ್ತಾರೆ."

ಬೆಟ್ಟಸ್ವಾಮಿಯವರು ಕುರ್ಚಿಯಿಂದ ಎದ್ದುಬಿಟ್ಟರು. "ಏನು! ತೂಬು ಮುರಿದಿದೆಯೆ? ಯಾವ ಊರಿನದು?"

"ಅಂಕನಕೊಪ್ಪಲು."

"ಅಯ್ಯೋ, ಎಂಥ ಅನ್ಯಾಯ! ನಮ್ಮ ಗಮನಕ್ಕೆ ಇದನ್ನು ಯಾರೂ ತರಲಿಲ್ಲವಲ್ಲ!"

ಹಿಂದಿನಿಂದ ಅಂಕಯ್ಯ ಎದ್ದ. "ನಾವೇ ಬಾಯಿ ಬಡ್ಕೊಂಡ್ವಲ್ಲ ಸ್ವಾಮಿ!"

"ಊರಿನವರು ದಯವಿಟ್ಟು ಕುಳಿತುಕೊಳ್ಳಬೇಕು. ತಜ್ಞರ ಮಾತು ನಡೆಯುತ್ತಿದೆ."

ಗುರುಮಲ್ಲಪ್ಪನವರು ಅಂಕಯ್ಯನ ಪಂಚೆ ಹಿಡಿದು ಕೆಳಕ್ಕೆಳೆದರು. "ಸುಮ್ಕಿರ್ಲಾ. ಕೆಡಿಸ್ಬುಟ್ಟೀಯ."

ತೂಬು ಅದೇ ವಾರ ಸರಿಯಾಯಿತು. ಹೊಸ ಹಲಗೆ, ಗಾರೆ ಹಾಕಿದ ಹೊಸ ಕಲ್ಲು. ನೀರು ಗದ್ದೆಗೆ ನುಗ್ಗಿದ ದಿನ ಅಂಕಯ್ಯ ಬದುವಿನ ಮೇಲೆ ಕುಳಿತು ಸಂಜೆಯವರೆಗೂ ಏಳಲೇ ಇಲ್ಲ. ಗುರುಮಲ್ಲಪ್ಪನವರು ಊಟಕ್ಕೆ ಬಾ ಎಂದು ಕರೆದರೆ, "ನೀವೋಗಿ ಯಜಮಾನ್ರೇ, ನಾನು ವಸಿ ನೋಡ್ತೀನಿ," ಎಂದ.

ಬೆಟ್ಟಸ್ವಾಮಿಯವರು ಒಳ್ಳೆಯ ಕೆಲಸವನ್ನು ಅಷ್ಟಕ್ಕೇ ಬಿಡುವವರಲ್ಲ. ಕೂಡಲೇ ಒಂದು ಪ್ರಕಟಣೆ ಹೊರಡಿಸಿದರು.

"ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ತೂಬು, ರಸ್ತೆ, ಬಾವಿ ಮುಂತಾದವು ಕೆಟ್ಟಿರುವ ಬಗ್ಗೆ ಅಹವಾಲುಗಳನ್ನು ಪರದೇಶದವರ ಬಾಯಿಂದ ಮಾತ್ರ ಸ್ವೀಕರಿಸಲಾಗುವುದು. ಊರಿನವರು ಅಹವಾಲಿನ ಕಾಲಕ್ಕೆ ಮೌನವಾಗಿ ಹಾಜರಿರಬಹುದು."

ಊರಿನವರು ಇದನ್ನು ಸಂತೋಷದಿಂದಲೇ ಓದಿಸಿ ಕೇಳಿದರು, ದಾರಿಯೊಂದು ಗೊತ್ತಾಯಿತಲ್ಲ. ತೊಂದರೆಯೆಂದರೆ, ಓದೆತ್ತಮ್ಮ ಹೊರಡುವ ದಿನ ಬಂದಿತ್ತು. ಎಲ್ಲ ಊರಿಗೂ ಆಗುವಷ್ಟು ಪರದೇಶದವರನ್ನು ತರಿಸುವುದೆಲ್ಲಿಂದ? ಬೆಟ್ಟಸ್ವಾಮಿಯವರು ಪಕ್ಕದ ತಾಲ್ಲೂಕುಗಳವರೊಡನೆ ಸಮಾಲೋಚಿಸಿ ತಿದ್ದುಪಡಿ ತಂದರು. ಒಂದು ಹೊಳೆ ದಾಟಿ ಬಂದವರನ್ನು ಪರದೇಶದವರೆಂದು ಪರಿಗಣಿಸಬಹುದು. ಬೇಸಿಗೆಯಲ್ಲಿ ಹೊಳೆ ಒಣಗಿದ್ದರೆ ಕಾಲಾದರೂ ಒದ್ದೆಯಾಗಿರತಕ್ಕದ್ದು.

ಅಲ್ಲಿಂದ ಮುಂದೆ ಆಡಳಿತ ಬಹಳ ಚುರುಕಾಯಿತು. ಲಕ್ಷ್ಮಣತೀರ್ಥದ ಆಚೆಯವರು ಈಚೆ ಬಂದು ಇಲ್ಲಿಯ ಬಾವಿ ಕುಸಿದಿದೆಯೆಂದು ಹೇಳುವರು. ಈಚೆಯವರು ಆಚೆ ಹೋಗಿ ಅಲ್ಲಿಯ ಶಾಲೆಯ ಸೂರು ಹಾರಿದೆಯೆಂದು ಹೇಳುವರು. ಕೋಟೆ ಸೀಮೆಯವರು ಕಪಿನಿ ದಾಟಿದರೆ ಆಯಿತು. ಹುಣಸೂರಿನ ಸೇತುವೆಯ ಮೇಲೆ ಸಂತೆಯ ದಿನ ಎರಡು ಕಡೆಯವರೂ ಎದುರಾಗಿ, "ನಿಮ್ದೇನು?" "ಮೋರಿ. ನಿಮ್ದೇನು?" "ಕೆರೆ ಏರಿ," ಎಂದು ವಿಷಯ ವಿನಿಮಯ ಮಾಡಿಕೊಂಡು, ಒಂದು ಕೋಟನ್ನು ಸರದಿಯ ಮೇಲೆ ತೊಟ್ಟುಕೊಂಡು ಹೋಗುತ್ತಿದ್ದರು. ತನ್ನ ಊರಿನ ಮೋರಿ ತನ್ನ ಕಣ್ಣಿಗೆ ಕಾಣುತ್ತದೆಂದು ಹೇಳುವವನನ್ನು ಜನ ಅನುಮಾನದಿಂದ ನೋಡತೊಡಗಿದರು.

ಇದಕ್ಕೆಲ್ಲ ಮುಂಚೆ, ಓದೆತ್ತಮ್ಮ ತಾನು ಹೊರಡುವ ಹಿಂದಿನ ಸಂಜೆ ಅಡುಗೆಮನೆಯಲ್ಲಿ ನೀಲಾಂಬಿಕೆಯ ಜೊತೆ ಒಲೆಯ ಮುಂದೆ ಕುಳಿತಿದ್ದಳು. ಇಬ್ಬರ ಕಣ್ಣಲ್ಲೂ ನೀರು. ಅಗಲಿಕೆಯದು ಸ್ವಲ್ಪ, ಹೊಗೆಯದು ಬಹಳ. ಅವಳು ಮೇಲೆ ನೋಡಿ, ಎದ್ದು ಹೊರಗೆ ಬಂದು, ಜಗಲಿಯ ಮೇಲೆ ಅಡಕೆ ಮೆಲ್ಲುತ್ತಿದ್ದ ಗುರುಮಲ್ಲಪ್ಪನವರಿಗೆ ಏನೋ ಹೇಳಿದಳು. ಚಾತುಕುಟ್ಟಿ ಅನುವಾದಿಸಿದ.

"ಅಡುಗೆಮನೆ ಗವಾಕ್ಷಿ ಮುಚ್ಚಿಹೋಗಿದೆ ಅಂತಾರೆ ಮುದಲಾಳಿ. ಹೊಗೆ ಹೊರಗೆ ಹೋಗೋಕೆ ಇಲ್ಲ."

"ಹೌದಾ!" ಎಂದು ಗುರುಮಲ್ಲಪ್ಪನವರು ಧಿಗ್ಗನೆದ್ದರು. ಏಣಿ ತಂದು, ಹಂಚು ಸರಿಸಿ, ಬೂದಿಬಣ್ಣದ ಹಳೆಯ ಗೂಡೊಂದನ್ನು ಕಿತ್ತು ಕೆಳಗೆ ಹಾಕಿದರು. ಹೊಗೆ ನೆಟ್ಟಗೆ ಆಕಾಶಕ್ಕೆ ಹೋಯಿತು.

ನೀಲಾಂಬಿಕೆ ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲಿ ನಿಂತು ನೋಡುತ್ತಿದ್ದರು. "ಈ ಮನೆಗೆ ಬಂದಾಗಿಂದ ನಾನು ಹೇಳ್ತಾನೇ ಇವ್ನಿ ಕಣ್ರೀ. ಒಂದಿನಾನಾರ ಕಿವಿಗೆ ಹಾಕ್ಕೊಂಡ್ರಾ?"

ಗುರುಮಲ್ಲಪ್ಪನವರು ಏಣಿಯ ಮೇಲಿಂದಲೇ ಸೌಮ್ಯವಾಗಿ ಕೇಳಿದರು. "ನೀನಲ್ಲದೆ ಬೇರೆ ಯಾರಾದ್ರೂ ಹೇಳಿದ್ರಾ?"

ಓದೆತ್ತಮ್ಮ ಹೋದ ಮೇಲೆ ನೀಲಾಂಬಿಕೆ ಗಂಡನಿಗೆ ಏನನ್ನೂ ಹೇಳುವುದನ್ನೇ ಬಿಟ್ಟರು. ಹೊಳೆ ಆಚೆಯ ಊರಿನಲ್ಲಿ ಸುಂದ್ರಮ್ಮ ಎಂಬ ಗೆಳತಿಯೊಬ್ಬರಿದ್ದರು. ವಾರಕ್ಕೊಮ್ಮೆ ಹರಿಗೋಲಿನಲ್ಲಿ ಸುಂದ್ರಮ್ಮ ಈಚೆ ಬಂದು, ಕೊಟ್ಟಿಗೆಯ ಕಂಬ ವಾಲಿದೆಯೆಂದು ಗುರುಮಲ್ಲಪ್ಪನವರಿಗೆ ತಿಳಿಸಿ, ಕಾಫಿ ಕುಡಿದು ಹೋಗುವರು. ನೀಲಾಂಬಿಕೆ ಆಚೆ ಹೋಗಿ, ಹಿತ್ತಲ ಬೇಲಿ ಬಿದ್ದಿದೆಯೆಂದು ಸುಂದ್ರಮ್ಮನ ಯಜಮಾನರಿಗೆ ತಿಳಿಸಿ ಬರುವರು. ಎರಡು ಮನೆಗಳಲ್ಲೂ ಜಗಳವೆಂಬುದಿರಲಿಲ್ಲ.

ಒಂದು ಮಧ್ಯಾಹ್ನ ಗುರುಮಲ್ಲಪ್ಪನವರು ಬೆವರು ಸುರಿಸುತ್ತ ಕೊಟ್ಟಿಗೆಗೆ ಹೊಸ ಕಂಬ ನೆಡುತ್ತ ಇದ್ದಾಗ ಅಂಕಯ್ಯ ದಾರಿಯಲ್ಲಿ ಹೋಗುತ್ತ ನಿಂತ.

"ಏನ್ ಯಜಮಾನ್ರೇ, ಈ ಬಿಸ್ಲಲ್ಲಿ? ಕಂಬ ವಾಲಿತ್ತಾ?"

"ವಾಲಿತ್ತಂತೆ ಕಣ್ಲಾ."

"ಯಾರೇಳುದ್ರು?"

"ಒಳೆ ಆಚೆಯೋರು."

"ಅಂಗಾರೆ ವಾಲಿರ್ತದೆ ಬುಡಿ," ಎಂದು ಅಂಕಯ್ಯ ಪಂಚೆ ಎತ್ತಿ ಕಟ್ಟಿ, ಕಂಬದ ಇನ್ನೊಂದು ಕಡೆ ಹಿಡಿದ.